ಅಕೌಂಟ್ಸ್ ಕೆಲಸಕ್ಕೆ ಸೇರುವ ಹೊಸಬರಿಗೆ: ಮೊದಲ ಆರು ತಿಂಗಳು ಹೀಗೆ ಮಾಡಿ

ಇಂಟರ್‌ವ್ಯೂಗೆ ಬಂದವರ ಕೈಗೆ ನಾನು ಮೊದಲು 12 ಬಿಲ್ ಕೊಡುತ್ತೇನೆ. ಜೊತೆಗೆ ಒಂದು ಹಾಳೆ, ಪೆನ್ನು, ಕ್ಯಾಲ್ಕುಲೇಟರ್. "ಪಾರ್ಟಿ ಹೆಸರು, ಬಿಲ್ ನಂಬರ್, ತಾರೀಖು, ಮೊತ್ತ ಬರೆದು ಟೋಟಲ್ ಹಾಕಿ ಕೊಡಿ" ಅಂತೀನಿ, ಅಷ್ಟೇ. (ಪಾರ್ಟಿ ಅಂದರೆ ನಮಗೆ ಮಾರುವವರು ಅಥವಾ ನಮ್ಮಿಂದ ಕೊಳ್ಳುವವರು.) ಅದರಲ್ಲಿ ಒಂದು ಬಿಲ್ ಎರಡು ಸಲ ಇರುತ್ತದೆ. ಒಂದು ಒರಿಜಿನಲ್, ಇನ್ನೊಂದು ಅದರದೇ ಜೆರಾಕ್ಸ್. ಹೆಚ್ಚಿನವರು ಎರಡನ್ನೂ ಬರೆದು, ಟೋಟಲ್ ಹಾಕಿ, ಐದೇ ನಿಮಿಷದಲ್ಲಿ ಕೊಟ್ಟುಬಿಡುತ್ತಾರೆ. ಅಪರೂಪಕ್ಕೆ ಒಬ್ಬರು ತಲೆ ಎತ್ತಿ "ಸಾರ್, ಇದು ಎರಡು ಸಲ ಬಂದಿದೆ ಅಲ್ವಾ?" ಎಂದು ಕೇಳುತ್ತಾರೆ. ಅವರ ರೆಸ್ಯೂಮೆಯನ್ನು ನಾನು ಆಮೇಲೆ ಓದುತ್ತೇನೆ.

ಇಪ್ಪತ್ತು ವರ್ಷದ ಹತ್ತಿರ ಬೆಂಗಳೂರಿನಲ್ಲಿ ಲೆಕ್ಕದ ಕೆಲಸ ಮಾಡಿದ್ದೇನೆ. ಪಂಪು, ಪೈಪು ಮಾರುವ ಅಂಗಡಿಯಿಂದ ಶುರುವಾಗಿ ಈಗ ಒಂದು ಮಧ್ಯಮ ಗಾತ್ರದ ಕಂಪನಿಯ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಜೂನ್, ಜುಲೈ ಬಂತೆಂದರೆ ಬಿ.ಕಾಂ. ಮುಗಿಸಿದ ಮಕ್ಕಳ ಸಾಲು. ಎಲ್ಲರ ರೆಸ್ಯೂಮೆಯಲ್ಲೂ ಅದದೇ ಮಾತು: ಕಷ್ಟಪಟ್ಟು ದುಡಿಯುವವನು, ಬೇಗ ಕಲಿಯುವವಳು, ಎಲ್ಲರ ಜೊತೆ ಹೊಂದಿಕೊಳ್ಳುವವರು. ಓದಿ ಓದಿ ನನಗೆ ಬಾಯಿಪಾಠ ಆಗಿದೆ.

ಕೆಲಸ ಕೊಡುವವರಿಗೆ ನಿಜಕ್ಕೂ ಬೇಕಾಗಿರುವುದು ಇಷ್ಟು: ಒಂದು ಕೆಲಸ ಒಪ್ಪಿಸಿದ ಮೇಲೆ ಅದರ ಬಗ್ಗೆ ಅವರು ಮತ್ತೆ ತಲೆ ಕೆಡಿಸಿಕೊಳ್ಳುವಂತಾಗಬಾರದು. ಕೆಲಸ ಆದರೆ ಆಯಿತು ಅಂತ ಗೊತ್ತಾಗಬೇಕು, ಆಗದಿದ್ದರೆ ಆಗಲಿಲ್ಲ ಅಂತ ಬೇಗ ಗೊತ್ತಾಗಬೇಕು. ಇದು ಹುಟ್ಟುಗುಣ ಅಲ್ಲ, ರೂಢಿ ಮಾಡಿಕೊಳ್ಳುವಂಥದ್ದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ನನ್ನ ಉದಾಹರಣೆಗಳೆಲ್ಲ ಲೆಕ್ಕದ ಮೇಜಿನವು. ನಿಮ್ಮದು ಸ್ಟೋರ್ಸ್ ಅಥವಾ ಸೇಲ್ಸ್ ಆದರೆ ಬಿಲ್ ಇದ್ದ ಕಡೆ ನಿಮ್ಮ ಕಾಗದ ಇಟ್ಟುಕೊಳ್ಳಿ.

1. ಸೇರುವ ಮೊದಲು: ಒಂದು ತಿಂಗಳ ತಯಾರಿ

ಮೊದಲು ಟ್ಯಾಲಿ. 1986ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಕಂಪನಿಯ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಇದು. ಇವತ್ತಿಗೂ ಚಿಕ್ಕ, ಮಧ್ಯಮ ಕಂಪನಿಗಳಲ್ಲಿ ಇದಿಲ್ಲದ ಲೆಕ್ಕದ ಮೇಜು ಕಡಿಮೆ. ಅದರ ಎಜುಕೇಷನಲ್ ಮೋಡ್ ಪುಕ್ಕಟೆ ಸಿಗುತ್ತದೆ. ನಿಮ್ಮೂರಿನ ಒಂದು ಕಿರಾಣಿ ಅಂಗಡಿಯನ್ನೇ ಕಂಪನಿ ಎಂದುಕೊಳ್ಳಿ. ಒಂದು ತಿಂಗಳ ಖರೀದಿ, ಮಾರಾಟ, ಬ್ಯಾಂಕು, ನಗದು ಎಲ್ಲ ಹಾಕಿ ನೋಡಿ. ಕೋರ್ಸಿನ ಪುಸ್ತಕದ ಲೆಕ್ಕ ಬೇಡ. ಅಲ್ಲಿ ಎಲ್ಲವೂ ತಾಳೆ ಆಗುವಂತೆ ಮೊದಲೇ ಮಾಡಿಟ್ಟಿರುತ್ತಾರೆ, ಅಂಗಡಿಯಲ್ಲಿ ಹಾಗಿರುವುದಿಲ್ಲ.

ಆಮೇಲೆ ಎಕ್ಸೆಲ್. ಎಲ್ಲ ಬೇಕಿಲ್ಲ. ಫಿಲ್ಟರ್, ಸಮ್‌ಇಫ್ (ಷರತ್ತಿಗೆ ಹೊಂದುವುದನ್ನಷ್ಟೇ ಕೂಡುವುದು), ವಿಲುಕಪ್ (ಪಟ್ಟಿಯಿಂದ ಬೇಕಾದದ್ದನ್ನು ಹುಡುಕಿ ತರುವುದು), ಪಿವಟ್ ಟೇಬಲ್ (ದೊಡ್ಡ ಪಟ್ಟಿಯ ಸಾರಾಂಶ) ಈ ನಾಲ್ಕು ಚೆನ್ನಾಗಿ ಬಂದರೆ ಮೊದಲ ವರ್ಷ ದಾಟಬಹುದು. ಮನೆಯಲ್ಲಿ ಎಕ್ಸೆಲ್ ಇಲ್ಲದಿದ್ದರೆ ಲಿಬ್ರೆ ಆಫೀಸಿನ ಕ್ಯಾಲ್ಕ್ ಹಾಕಿಕೊಳ್ಳಿ, ದುಡ್ಡು ಬೇಡ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಹೇಳಿಕೊಡುವ ವಿಡಿಯೋಗಳಿವೆ. ಅವೂ ಪುಕ್ಕಟೆ.

ಇನ್ನು, ಸಾವಿರಾರು ರೂಪಾಯಿ ಕಟ್ಟಿ "ವ್ಯಕ್ತಿತ್ವ ವಿಕಸನ" ಸರ್ಟಿಫಿಕೇಟ್ ತರಬೇಡಿ. ಇಷ್ಟು ವರ್ಷದಲ್ಲಿ ಅದನ್ನು ನೋಡಿ ನಾನು ಯಾರನ್ನೂ ತೆಗೆದುಕೊಂಡಿಲ್ಲ.

2. ಮೊದಲ ದಿನವೇ ಒಂದು ನೋಟ್‌ಬುಕ್

ಮೊಬೈಲ್‌ನಲ್ಲಿ ಬರೆದುಕೊಳ್ಳುತ್ತೇನೆ ಅನ್ನುತ್ತಾರೆ. ಬರೆದುಕೊಳ್ಳಿ, ಆದರೆ ಯಜಮಾನರು ಮಾತಾಡುವಾಗ ನೀವು ಮೊಬೈಲ್ ಒತ್ತುತ್ತಿದ್ದರೆ ಅವರಿಗೆ ವಾಟ್ಸಾಪ್ ಥರಾನೇ ಕಾಣುತ್ತದೆ. ನಲವತ್ತು ರೂಪಾಯಿಯ ನೋಟ್‌ಬುಕ್ ಸಾಕು.

ಕೆಲಸ ಹೇಳಿದಾಗ ಮೂರು ಸಂಗತಿ ಬರೆಯಿರಿ. ಏನು ಮಾಡಬೇಕು, ಯಾವಾಗ ಬೇಕು, ಯಾರಿಗೆ ಕೊಡಬೇಕು. ಬರೆದದ್ದನ್ನು ಅಲ್ಲೇ ಒಮ್ಮೆ ಓದಿ ಹೇಳಿ: "ಸಾರ್, ಏಪ್ರಿಲ್‌ನಿಂದ ಬಾಕಿ ಇರುವ ಪಾರ್ಟಿಗಳ ಲಿಸ್ಟ್, ನಾಳೆ ಮಧ್ಯಾಹ್ನದೊಳಗೆ, ಸೇಲ್ಸ್‌ನವರಿಗೆ. ಸರಿನಾ?" ಹತ್ತು ಸೆಕೆಂಡಿನ ಮಾತು. "ಅಯ್ಯೋ, ಏಪ್ರಿಲ್‌ನಿಂದ ಅಲ್ಲಪ್ಪಾ, ಏಪ್ರಿಲ್‌ಗಿಂತ ಮೊದಲಿನದು" ಅನ್ನುವ ತಿದ್ದುಪಡಿ ಎಷ್ಟೋ ಸಲ ಆ ಹತ್ತು ಸೆಕೆಂಡಿನಲ್ಲೇ ಬರುತ್ತದೆ. ಕೇಳದೇ ಹೋಗಿದ್ದರೆ ಅರ್ಧ ದಿನ ದಂಡ.

ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಿಂಗಳ ತಾರೀಖುಗಳನ್ನು ಬರೆದಿಡಿ. 7ಕ್ಕೆ ಹಿಂದಿನ ತಿಂಗಳ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದಿಟ್ಟ ಆದಾಯ ತೆರಿಗೆ, ಕಟ್ಟಬೇಕು (ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ). ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಾದರೆ 11ಕ್ಕೆ ಜಿಎಸ್‌ಟಿಆರ್-1 (ಮಾರಿದ ಬಿಲ್ಲುಗಳ ಪಟ್ಟಿ), 20ಕ್ಕೆ 3ಬಿ (ತಿಂಗಳ ಒಟ್ಟು ತೆರಿಗೆ ಲೆಕ್ಕ). ನೌಕರರ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಆರೋಗ್ಯ ವಿಮೆ) 15ಕ್ಕೆ. ತಾರೀಖು ಗೊತ್ತಿರುವುದು ದೊಡ್ಡ ವಿದ್ಯೆ ಏನಲ್ಲ. ಆದರೆ 5ನೇ ತಾರೀಖು ಬೆಳಗ್ಗೆ "ಸಾರ್, ಟಿಡಿಎಸ್ ಲೆಕ್ಕ ತೆಗೆದಿಟ್ಟಿದ್ದೀನಿ, ಒಮ್ಮೆ ನೋಡ್ತೀರಾ?" ಎಂದು ಹೊಸಬರು ಕೇಳಿದರೆ ಯಜಮಾನರ ಮುಖ ನೋಡಬೇಕು.

3. ನಿಮ್ಮ ಲೆಕ್ಕ ನೀವೇ ಹಿಡಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ಮಾತಿನಲ್ಲಿ ಸರಿಮಾಡಬಹುದು, ತಪ್ಪು ಅಂಕಿಯನ್ನು ಆಗುವುದಿಲ್ಲ.

ಒಂದು ಬಿಲ್ ತೆಗೆದುಕೊಳ್ಳೋಣ. ಹೊಸೂರಿನ ಒಂದು ಕಾರ್ಖಾನೆಯಿಂದ ಮಾಲು ಬಂದಿದೆ. ಎಲೆಕ್ಟ್ರಾನಿಕ್ ಸಿಟಿ ದಾಟಿ, ಅತ್ತಿಬೆಲೆ ದಾಟಿದರೆ ಹೊಸೂರು. ಲಾರಿ ಡ್ರೈವರ್ ಕನ್ನಡ ಮಾತಾಡುತ್ತಾನೆ. ಹೊಸ ಹುಡುಗ ಯೋಚನೆಯೇ ಮಾಡದೆ ನಮ್ಮ ರಾಜ್ಯದೊಳಗಿನ ಖರೀದಿಯ ಹಾಗೆ ಅರ್ಧ ಸಿಜಿಎಸ್‌ಟಿ (ಕೇಂದ್ರದ್ದು), ಅರ್ಧ ಎಸ್‌ಜಿಎಸ್‌ಟಿ (ರಾಜ್ಯದ್ದು) ಅಂತ ಹಾಕಿಬಿಡುತ್ತಾನೆ. ಆದರೆ ಹೊಸೂರು ಇರುವುದು ತಮಿಳುನಾಡಿನಲ್ಲಿ. ಅಲ್ಲಿಂದ ಇಲ್ಲಿಗೆ ಬಂದ ಮಾಲಿಗೆ ಐಜಿಎಸ್‌ಟಿ, ಅಂದರೆ ರಾಜ್ಯದ ಗಡಿ ದಾಟಿದ ಮಾರಾಟದ ತೆರಿಗೆ. ಟೋಟಲ್ ಅಷ್ಟೇ ಬರುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳ ಕೊನೆಗೆ ಜಿಎಸ್‌ಟಿ ಪೋರ್ಟಲ್ ಜೊತೆ ಹೋಲಿಸುವಾಗ ಗಲಾಟೆ.

ಇದನ್ನು ಹಿಡಿಯಲು ಬುದ್ಧಿವಂತಿಕೆ ಬೇಡ, ಅಭ್ಯಾಸ ಬೇಕು. 15 ಅಕ್ಷರದ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. ಕರ್ನಾಟಕ 29, ತಮಿಳುನಾಡು 33, ಕೇರಳ 32, ಮಹಾರಾಷ್ಟ್ರ 27, ಗೋವಾ 30. ಮುಂದಿನ ಹತ್ತು ಅಕ್ಷರ ಆ ಪಾರ್ಟಿಯ ಪ್ಯಾನ್. ಮಾಲು ನಮ್ಮ ಗೋಡೌನಿಗೇ ಬಂದಿದ್ದು, ಮಾರಿದವರ ನಂಬರ್ 29ರಿಂದ ಶುರುವಾಗದಿದ್ದರೆ ಕೈ ನಿಲ್ಲಿಸಿ. ಇಷ್ಟೇ.

ಇನ್ನೊಂದು ಹಳೆ ಗುಟ್ಟು. ನನಗೆ ಹೇಳಿಕೊಟ್ಟವರು ಕಂಪ್ಯೂಟರ್ ಮುಟ್ಟದ ಒಬ್ಬ ಹಿರಿಯ ಗುಮಾಸ್ತರು. ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಿಮ್ಮ ಲೆಡ್ಜರಿಗೂ (ಖಾತೆ ಪುಸ್ತಕಕ್ಕೂ) 180 ರೂಪಾಯಿ ವ್ಯತ್ಯಾಸ ಬಂತು ಅಂದುಕೊಳ್ಳಿ. ಅದನ್ನು 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಜಾಸ್ತಿ. 4,860 ಬರೆಯುವ ಕಡೆ 4,680 ಬರೆದಿರುತ್ತೀರಿ. ಒಂದು ಸೊನ್ನೆ ಬಿಟ್ಟರೂ ಹೀಗೇ: 1,500ರ ಬದಲು 150 ಹಾಕಿದರೆ ವ್ಯತ್ಯಾಸ 1,350, ಅದೂ 9ರ ಮಗ್ಗಿಯಲ್ಲಿ ಬರುತ್ತದೆ. 9ರಿಂದ ಹೋಗದಿದ್ದರೆ ವ್ಯತ್ಯಾಸದ ಅರ್ಧ ಮಾಡಿ, ಆ ಮೊತ್ತದ ಎಂಟ್ರಿ ಹುಡುಕಿ. ಜಮಾ ಆಗಬೇಕಿದ್ದದ್ದು ಖರ್ಚಿನ ಕಡೆ ಕೂತಿರಬಹುದು. ಸಾವಿರ ಎಂಟ್ರಿ ತಡಕಾಡುವ ಬದಲು ಐದು ನಿಮಿಷದಲ್ಲಿ ಸಿಕ್ಕಿದರೆ ಎಷ್ಟು ಖುಷಿ ಆಗುತ್ತದೆ ಅಂತ ಹೇಳಿದರೆ ಅರ್ಥ ಆಗುವುದಿಲ್ಲ, ಅನುಭವಿಸಬೇಕು.

ನೀವು ರೂಢಿ ಮಾಡಿಕೊಳ್ಳಬೇಕಾದದ್ದು: ಕೆಲಸ ಮುಗಿದ ಮೇಲೆ ಒಂದು ಲೋಟ ನೀರು ಕುಡಿದು ಬನ್ನಿ. ಬಂದು, ಅದು ಬೇರೆ ಯಾರೋ ಮಾಡಿದ ಲೆಕ್ಕ ಅಂದುಕೊಂಡು ಒಮ್ಮೆ ನೋಡಿ. ಬೇರೆಯವರ ತಪ್ಪು ನಮಗೆ ಬೇಗ ಕಾಣುತ್ತದೆ ಅಲ್ವಾ?

4. ಪ್ರಶ್ನೆ ಕೇಳುವುದಕ್ಕೂ ಒಂದು ರೀತಿ ಇದೆ

ಕೆಲವರು ಏನೂ ಕೇಳುವುದಿಲ್ಲ, ಹೆದರಿಕೆ. ಕೆಲವರು ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಹತ್ತಿರ ಬಂದು ನಿಲ್ಲುತ್ತಾರೆ. ಎರಡೂ ಕಷ್ಟ.

ಸಿಕ್ಕಿಹಾಕಿಕೊಂಡರೆ ಒಂದು ಹದಿನೈದು ನಿಮಿಷ ನೀವೇ ನೋಡಿ. ಹೋದ ತಿಂಗಳು ಇಂಥದ್ದೇ ಎಂಟ್ರಿ ಹೇಗೆ ಮಾಡಿದ್ದಾರೆ ಅಂತ ತೆಗೆದು ನೋಡಿ. ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ. ಆಗಲೂ ತಿಳಿಯದಿದ್ದರೆ ಬರೆದಿಟ್ಟುಕೊಳ್ಳಿ, ಮೂರು ನಾಲ್ಕು ಸೇರಿದ ಮೇಲೆ ಒಟ್ಟಿಗೆ ಕೇಳಿ. ಕೇಳುವಾಗ "ಇದು ಹೇಗೆ ಮಾಡೋದು ಮೇಡಂ?" ಎನ್ನುವ ಬದಲು "ಮೇಡಂ, ಈ ಲಾರಿ ಬಾಡಿಗೆಯನ್ನು ಹೋದ ತಿಂಗಳು ಖರೀದಿ ಖರ್ಚಿಗೆ ಹಾಕಿದ್ದಾರೆ. ಆದರೆ ಇದು ನಾವು ಮಾರಿದ ಮಾಲು ಕಳಿಸಿದ್ದಕ್ಕೆ. ಮಾರಾಟದ ಖರ್ಚಿಗೆ ಹಾಕಲಾ?" ಎಂದು ಕೇಳಿ. ನೀವು ಯೋಚನೆ ಮಾಡಿದ್ದೀರಿ ಅಂತ ಅವರಿಗೆ ತಿಳಿಯುತ್ತದೆ. ಉತ್ತರ ಕೊಡುವುದೂ ಅವರಿಗೆ ಸುಲಭ, ಹೂಂ ಅಥವಾ ಉಹೂಂ.

ದುಡ್ಡು ಹೊರಗೆ ಹೋಗುವ ಕೆಲಸ ಆದರೆ ಮಾತ್ರ ಹದಿನೈದು ನಿಮಿಷವೂ ಕಾಯಬೇಡಿ. ಅನುಮಾನ ಬಂದ ಕೂಡಲೇ ಕೇಳಿ.

5. ಕೆಟ್ಟ ಸುದ್ದಿ ಮೊದಲು ಹೇಳಿ

ಆ ಜೆರಾಕ್ಸ್ ಬಿಲ್ಲಿನ ಪರೀಕ್ಷೆ ಯಾಕೆ ಇಟ್ಟಿದ್ದೇನೆ ಅಂತ ಈಗ ಹೇಳುತ್ತೇನೆ.

ನನ್ನ ಮೊದಲ ಕೆಲಸ. ಸೇರಿ ಮೂರು ತಿಂಗಳಾಗಿತ್ತು. ಒಬ್ಬ ಪಾರ್ಟಿಯ 18,400 ರೂಪಾಯಿ ಬಿಲ್ಲು ಲಾರಿ ಜೊತೆ ಬಂತು, ಎಂಟ್ರಿ ಮಾಡಿದೆ, ಚೆಕ್ ಹೋಯಿತು. ವಾರ ಬಿಟ್ಟು ಅದರ ಕಾಪಿ ಅಂಚೆಯಲ್ಲಿ ಬಂತು. ಬಿಲ್ ನಂಬರ್ ನೋಡದೆ ಮತ್ತೆ ಎಂಟ್ರಿ ಮಾಡಿದೆ. ಯಜಮಾನರು ನನ್ನನ್ನು ನಂಬಿ ಇನ್ನೊಂದು ಚೆಕ್ಕಿಗೆ ಸಹಿ ಹಾಕಿದರು. ಶನಿವಾರ ಅದು ಕೊರಿಯರ್‌ನಲ್ಲಿ ಹೋಯಿತು. ಸೋಮವಾರ ಬೆಳಗ್ಗೆ ಫೈಲ್ ಮಾಡುವಾಗ ನನ್ನ ಕಣ್ಣಿಗೆ ಬಿತ್ತು.

ಎದೆ ಧಸಕ್ ಅಂತು. ಹೇಳಲಿಲ್ಲ. ಹೇಗೂ ಆ ಪಾರ್ಟಿಯಿಂದ ಮುಂದಿನ ವಾರ ಮಾಲು ಬರುತ್ತದೆ, ಆ ಬಿಲ್ಲಿಗೆ ಹೊಂದಿಸಿಬಿಟ್ಟರಾಯಿತು, ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ. ನಾಲ್ಕು ದಿನ ಸುಮ್ನೆ ಇದ್ದೆ. ಊಟ ಸೇರಲಿಲ್ಲ. ಆ ಚೆಕ್ಕು ಪಾಸಾಯಿತು, ಖಾತೆಯಲ್ಲಿ ದುಡ್ಡು ಕಡಿಮೆ ಬಿತ್ತು, ಶುಕ್ರವಾರ ಇನ್ನೊಬ್ಬ ಪಾರ್ಟಿಗೆ ಕೊಟ್ಟಿದ್ದ ಚೆಕ್ ಬೌನ್ಸ್ ಆಯಿತು. ಅವರು ಯಜಮಾನರ ಹಳೆಯ ಸ್ನೇಹಿತರು. ಫೋನಿನಲ್ಲಿ ಕೂಗಾಡಿದ್ದು ನನ್ನ ಮೇಜಿನ ತನಕ ಕೇಳಿಸಿತು.

ಯಜಮಾನರು ಬೈದದ್ದು ಎರಡು ಸಲ ಚೆಕ್ ಕೊಟ್ಟಿದ್ದಕ್ಕಲ್ಲ. "ಸೋಮವಾರವೇ ಹೇಳಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಆ ಚೆಕ್ ನಿಲ್ಲಿಸ್ತಿದ್ದೆ ಕಣಯ್ಯ" ಅಂದರು. ಅಷ್ಟೇ. ಆಮೇಲೆ ಒಂದು ವರ್ಷ ನಾನು ತಂದ ಪ್ರತಿ ಕಾಗದವನ್ನೂ ಎರಡು ಸಲ ಓದಿಯೇ ಸಹಿ ಹಾಕುತ್ತಿದ್ದರು. ಆ ಒಂದು ವರ್ಷ ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ತಪ್ಪು ಕಂಡರೆ ಹೇಳುವ ಕ್ರಮ ಹೀಗಿರಲಿ. ಮೊದಲು ಏನಾಗಿದೆ, ಎಷ್ಟು ಮೊತ್ತ. ಆಮೇಲೆ ಈಗ ಏನು ಮಾಡಬಹುದು. ಯಾಕೆ ಆಯಿತು ಅನ್ನುವುದು ಕೊನೆಗೆ, ಅದೂ ಕೇಳಿದರೆ. "ಸಾರ್, ಒಂದು ತಪ್ಪಾಗಿದೆ. ಈ ಪಾರ್ಟಿಗೆ 18,400 ಎರಡು ಸಲ ಹೋಗಿದೆ. ಎರಡನೇದು ಇನ್ನೂ ಪಾಸಾಗಿಲ್ಲ. ಬ್ಯಾಂಕಿಗೆ ಹೇಳಿ ನಿಲ್ಲಿಸಲಾ?" ಇಷ್ಟು ಹೇಳಲು ಅರ್ಧ ನಿಮಿಷ ಬೇಡ. ಅಳು, ನೆಪ, "ಅದು ಏನಾಯ್ತಂದ್ರೆ ಸಾರ್" ಅನ್ನುವ ಪುರಾಣ ಯಾವುದೂ ಬೇಡ.

ಈಗಂತೂ ಮುಚ್ಚಿಡಲು ಆಗುವುದೂ ಇಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಇರಲೇಬೇಕು. ಎಂಟ್ರಿ ಯಾವಾಗ ಬದಲಾಯಿತು, ಏನು ಬದಲಾಯಿತು ಎಲ್ಲ ಅದರಲ್ಲಿ ಕೂತಿರುತ್ತದೆ.

6. ಕೇಳುವ ಮೊದಲೇ ತಿಳಿಸಿ

"ಆ ಕೆಲಸ ಏನಾಯ್ತು?" ಎಂದು ಮೇಲಿನವರು ಕೇಳಿದರೆ ನೀವು ತಡಮಾಡಿದ್ದೀರಿ ಎಂದೇ ಲೆಕ್ಕ, ಕೆಲಸ ಮುಗಿದಿದ್ದರೂ ಸಹ. ಸಂಜೆ ಹೊರಡುವ ಮೊದಲು ಎರಡು ಸಾಲಿನ ಮೆಸೇಜ್ ಹಾಕಿ: ಇದು ಆಯಿತು, ಇದು ಬಾಕಿ, ಇದು ಇಂಥವರ ಹತ್ತಿರ ನಿಂತಿದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದನ್ನು ಹೇಳುತ್ತೇನೆ. ನಮಗೆ ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ ನಮ್ಮ ಬಿಲ್ ತೋರಿಸಿದರೆ ಮಾತ್ರ ನಾವು ಕಟ್ಟಿದ ತೆರಿಗೆಯ ಕ್ರೆಡಿಟ್ (ನಾವು ಸರ್ಕಾರಕ್ಕೆ ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಮೊತ್ತ) ನಮಗೆ ಸಿಗುತ್ತದೆ. ಅವರಿಗೆ ಕೊನೆ ದಿನ 11. ಅವರು ತೋರಿಸಿದ ಬಿಲ್ಲುಗಳ ಪಟ್ಟಿ, ಅಂದರೆ ನಮ್ಮ 2ಬಿ, ಪೋರ್ಟಲ್‌ನಲ್ಲಿ ಬರುವುದು 14ಕ್ಕೆ. ಸಾಮಾನ್ಯವಾಗಿ ಎಲ್ಲರೂ 14ಕ್ಕೆ ಪಟ್ಟಿ ನೋಡಿ, ಬಿಲ್ ಇಲ್ಲ ಅಂತ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿದ್ದ ಒಬ್ಬ ಹುಡುಗಿ 9ನೇ ತಾರೀಖೇ ದೊಡ್ಡ ಬಿಲ್ಲಿನ ಆರೇಳು ಪಾರ್ಟಿಗಳಿಗೆ ಫೋನ್ ಮಾಡಲು ಶುರು ಮಾಡಿದಳು. "ಸಾರ್, ಈ ತಿಂಗಳು ನಮ್ಮ ಮೂರು ಬಿಲ್ ಇದೆ, ನಂಬರ್ ಕಳಿಸ್ಲಾ? ಮರೀದೇ ಹಾಕಿಬಿಡಿ" ಎನ್ನುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದಳು, ಅಷ್ಟೇ. ಹೊಸಬರಾಗಿ ಮೇಲಿನವರ ಕಣ್ಣಿಗೆ ಬೀಳುವುದು ಅಂದರೆ ಇದು.

7. ಫೋನು ಮತ್ತು ಮೇಲ್

ಬಾಕಿ ವಸೂಲಿಗೆ ಫೋನ್ ಮಾಡಿಸುತ್ತಾರೆ, ಹೆದರಬೇಡಿ. ಹೆಸರು, ಕಂಪನಿ ಹೇಳಿ, "ಒಂದು ನಿಮಿಷ ಮಾತಾಡಬಹುದಾ ಸಾರ್?" ಎಂದು ಕೇಳಿ. ಬಿಲ್ ನಂಬರ್, ತಾರೀಖು, ಮೊತ್ತ ಎದುರಿಗೆ ಇಟ್ಟುಕೊಂಡೇ ಫೋನ್ ಎತ್ತಬೇಕು. "ನೋಡ್ತೀನಿ" ಎಂದರೆ ಬಿಡಬೇಡಿ: "ಗುರುವಾರ ಫೋನ್ ಮಾಡ್ಲಾ ಸಾರ್?" ಅನ್ನಿ, ಗುರುವಾರ ಮಾಡಿ. ದನಿ ಏರಿಸಬೇಡಿ. ಅವರು ಏರಿಸಿದರೆ ನಿಮ್ಮ ದನಿ ಇನ್ನೂ ಮೆಲ್ಲಗಾಗಲಿ.

ಇಂಗ್ಲಿಷ್ ಬಗ್ಗೆ. ಕನ್ನಡ ಮೀಡಿಯಂನಲ್ಲಿ ಓದಿದವರ ದೊಡ್ಡ ಭಯ ಇದು, ನನಗೂ ಇತ್ತು. ಆಫೀಸಿನ ಇಂಗ್ಲಿಷ್ ತುಂಬಾ ಚಿಕ್ಕದು. ಬಿಲ್ ಕಳಿಸಿದ್ದೇವೆ, ದುಡ್ಡು ಬಂದಿಲ್ಲ, ದಯವಿಟ್ಟು ಲೆಡ್ಜರ್ ಕಳಿಸಿ, ಈ ಎರಡು ಎಂಟ್ರಿ ತಾಳೆ ಆಗುತ್ತಿಲ್ಲ. ತಿರುಗಿಸಿ ಮುರುಗಿಸಿ ಇಪ್ಪತ್ತು ಇಪ್ಪತ್ತೈದು ವಾಕ್ಯ. ನಿಮ್ಮ ಸೀನಿಯರ್ ಕಳಿಸಿದ ಹಳೆಯ ಮೇಲ್‌ಗಳನ್ನು ಓದಿ, ಒಳ್ಳೆಯ ವಾಕ್ಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಒಂದು ಮೇಲ್‌ನಲ್ಲಿ ಒಂದೇ ವಿಷಯ, ಚಿಕ್ಕ ಚಿಕ್ಕ ವಾಕ್ಯ, ಕೊನೆಗೆ ಅವರು ಏನು ಮಾಡಬೇಕು, ಯಾವಾಗ ಅಂತ. ಹೊಂದದ ದೊಡ್ಡ ಪದಗಳನ್ನು ತುರುಕಿ ಬರೆದ ಮೇಲ್‌ಗಿಂತ ಇದು ಎಷ್ಟೋ ಮೇಲು. ಕಳಿಸುವ ಮೊದಲು ಫೈಲ್ ಅಂಟಿಸಿದ್ದೀರಾ ನೋಡಿ. (ನಾನು ಈಗಲೂ ಮರೆಯುತ್ತೇನೆ.)

8. ಬಾಯಿ ಬಿಗಿ

ಸಂಬಳದ ಪಟ್ಟಿ ನಿಮ್ಮ ಕೈಗೆ ಬರುತ್ತದೆ. ಯಾರಿಗೆ ಎಷ್ಟು ಅಂತ ನಿಮಗೆ ಗೊತ್ತಾಗುತ್ತದೆ. ಟೀ ಅಂಗಡಿ ಹತ್ತಿರ ಯಾರಾದರೂ "ಅವರಿಗೆ ಎಷ್ಟು ಬರುತ್ತೆ?" ಎಂದರೆ ನಕ್ಕು ಮಾತು ಬದಲಿಸಿ. ಬ್ಯಾಂಕಿನ ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಬೇಡಿ. ಪಾರ್ಟಿಯ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ, ನಿಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಬದಲಿಸಿ. ಆ ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ.

ತಪ್ಪು ಕೆಲಸ ಮಾಡಿಸಲು ಬಂದರೂ ಬರಬಹುದು. ಹಳೆ ತಾರೀಖಿಗೆ ಬಿಲ್ ಹಾಕು, ಮಾಲೇ ಬರದ ಬಿಲ್ಲಿಗೆ ಎಂಟ್ರಿ ಮಾಡು ಅಂತ. ಹೊಸಬರು ಜಗಳ ಮಾಡಲು ಆಗುವುದಿಲ್ಲ, ನನಗೆ ಗೊತ್ತು. "ಆಡಿಟರ್ ಹತ್ತಿರ ಒಂದು ಮಾತು ಕೇಳಿ ಮಾಡ್ಲಾ ಸಾರ್?" ಎಂದು ನೋಡಿ. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ತಿಂಗಳು ತಿಂಗಳೂ ಇದೇ ಆದರೆ ಬೇರೆ ಕೆಲಸ ಹುಡುಕಿ. ಅಲ್ಲಿ ಕಲಿಯುವುದು ಏನೂ ಇಲ್ಲ, ಸಿಕ್ಕಿಬೀಳುವುದು ಮಾತ್ರ ಇದೆ.

9. ಹೊತ್ತು, ರಜೆ

ಹೆಚ್ಚು ಹೇಳುವುದಿಲ್ಲ. ತಡವಾಗುವುದಾದರೆ ಮನೆ ಬಿಡುವಾಗಲೇ ಮೆಸೇಜ್ ಮಾಡಿ, ಆಫೀಸಿನ ಬಾಗಿಲಲ್ಲಿ ನಿಂತು ಅಲ್ಲ. ಊರ ಹಬ್ಬಕ್ಕೆ ರಜೆ ಬೇಕಾದರೆ ಹದಿನೈದು ದಿನ ಮೊದಲು ಕೇಳಿ, 20ನೇ ತಾರೀಖು ತಪ್ಪಿಸಿ ಕೇಳಿ.

10. ಆರು ತಿಂಗಳಾದ ಮೇಲೆ

ನೋಟ್‌ಬುಕ್ ಮತ್ತೆ ತೆಗೆಯಿರಿ. ಸೇರಿದಾಗ ಬರದೇ ಇದ್ದ ಯಾವ ಕೆಲಸ ಈಗ ಯಾರನ್ನೂ ಕೇಳದೆ ಮಾಡುತ್ತೀರಿ? ಬರೆಯಿರಿ. "ಮೂರು ಬ್ಯಾಂಕ್ ಖಾತೆಯ ಹೊಂದಾಣಿಕೆ ನಾನೇ ಮಾಡುತ್ತೇನೆ. ತೊಂಬತ್ತು ದಿನ ದಾಟಿದ ಬಾಕಿ ಮೊದಲು ಇಷ್ಟಿತ್ತು, ಈಗ ಇಷ್ಟು." ಸಂಬಳದ ಮಾತು ಎತ್ತುವಾಗ ಈ ಹಾಳೆ ಕೈಯಲ್ಲಿರಲಿ. "ಮನೆ ಬಾಡಿಗೆ ಜಾಸ್ತಿ ಆಯ್ತು ಸಾರ್" ಎಂದರೆ ಯಜಮಾನರು ಅಯ್ಯೋ ಪಾಪ ಅಂತಾರೆ, ಹಾಳೆ ಕೊಟ್ಟರೆ ಕನ್ನಡಕ ಹಾಕಿಕೊಂಡು ಓದುತ್ತಾರೆ. ಮುಂದಿನ ಇಂಟರ್‌ವ್ಯೂಗೂ ಇದೇ ನಿಮ್ಮ ರೆಸ್ಯೂಮೆ.

ಬಿಟ್ಟು ಹೋಗುವ ದಿನವೂ ಬರುತ್ತದೆ. ನೋಟಿಸ್ ಪೂರ್ತಿ ಮಾಡಿ. ಬಾಕಿ ಕೆಲಸ ಯಾವುದು, ಯಾವ ಫೈಲ್ ಎಲ್ಲಿದೆ, ಯಾವ ಪಾರ್ಟಿಯವರಿಗೆ ಬೆಳಗ್ಗೆ ಫೋನ್ ಮಾಡಿದರೆ ಸಿಗುತ್ತಾರೆ ಎಲ್ಲ ಬರೆದುಕೊಟ್ಟು ಹೋಗಿ. 9ನೇ ತಾರೀಖು ಫೋನ್ ಮಾಡುತ್ತಿದ್ದ ಆ ಹುಡುಗಿ ಹೋಗುವಾಗ ನಾಲ್ಕು ಪುಟ ಬರೆದಿಟ್ಟು ಹೋದಳು. ಕೊನೆಯ ಸಾಲು: "ಪ್ರಿಂಟರ್ ಟ್ರೇಯಲ್ಲಿ ಐವತ್ತು ಹಾಳೆಗಿಂತ ಜಾಸ್ತಿ ಇಡಬೇಡಿ, ಸಿಕ್ಕಿಕೊಳ್ಳುತ್ತೆ." ಆ ಸಾಲನ್ನು ಕತ್ತರಿಸಿ ಪ್ರಿಂಟರ್ ಮೇಲೆ ಅಂಟಿಸಿದ್ದೇವೆ. ಅವಳ ಈಗಿನ ಕಂಪನಿಯವರು ವಿಚಾರಿಸಲು ನನಗೆ ಫೋನ್ ಮಾಡಿದಾಗ ನಾನು ಅದರ ಪಕ್ಕದಲ್ಲೇ ನಿಂತಿದ್ದೆ.